ಚಮಚದ ಬೆನ್ನ ಮೇಲಿನ ಸಿಂಹ

ಹಳೆಯ ಇಂಗ್ಲಿಷ್ ಬೆಳ್ಳಿ ಚಮಚ ಕೈಗೆ ಸಿಕ್ಕರೆ ಮೊದಲು ಅದನ್ನು ಬೋರಲು ಹಾಕಬೇಕು. ಹಿಡಿಯ ಹಿಂಬದಿಯಲ್ಲಿ ಅಕ್ಕಿಕಾಳಿನಷ್ಟು ಪುಟ್ಟ ಗುರುತುಗಳು ಸಾಲಾಗಿ ಒತ್ತಿರುತ್ತವೆ. ಬರಿಗಣ್ಣಿಗೆ ಅವು ಬರೀ ಗೀರು. ಭೂತಗನ್ನಡಿ ಹಿಡಿದರೆ ಒಂದೊಂದೂ ಬಾಯಿ ಬಿಡುತ್ತದೆ. ಒಂದು ಮುಂಗಾಲೆತ್ತಿ ನಡೆಯುತ್ತ ಮುಖ ಮಾತ್ರ ನಮ್ಮತ್ತ ತಿರುಗಿಸಿದ ಸಿಂಹ, ಕಿರೀಟ ತೊಟ್ಟ ಚಿರತೆಯ ತಲೆ, ಇಂಗ್ಲಿಷಿನ ಸಣ್ಣಕ್ಷರದ ಎಂ, ಬಲಕ್ಕೆ ನೋಡುವ ದೊರೆಯ ತಲೆ, ಕೂಡುಬರಹದಲ್ಲಿ ಎಚ್ ಮತ್ತು ಬಿ. ಇಷ್ಟು ಕಂಡರೆ ಸಾಕು. ಸಾವಿರಕ್ಕೆ 925 ಭಾಗ ಅಪ್ಪಟ ಬೆಳ್ಳಿ. ಪರೀಕ್ಷೆಯಾದದ್ದು ಲಂಡನ್ನಿನಲ್ಲಿ, 1787ರ ಮೇ ಕೊನೆಯಿಂದ 1788ರ ಮೇ ಕೊನೆಯೊಳಗೆ. ಮೂರನೇ ಜಾರ್ಜ್ ದೊರೆಯ ಖಜಾನೆಗೆ ತೆರಿಗೆ ಸಂದಿದೆ. ಚಮಚವನ್ನು ಪರೀಕ್ಷೆಗೆ ಒಪ್ಪಿಸಿದ್ದು ಹೆಸ್ಟರ್ ಬೇಟ್‌ಮನ್ ಎಂಬಾಕೆಯ ಕಾರ್ಖಾನೆ.

ಸಂಗ್ರಾಹಕರು ಈ ಮುದ್ರೆಗಳನ್ನು ಕಲಾವಿದರ ಸಹಿಯಂತೆ ಓದುತ್ತಾರೆ. ಹುಟ್ಟಿದ್ದು ಮಾತ್ರ ಕಳ್ಳರನ್ನು ಹಿಡಿಯುವುದಕ್ಕೆ. ಏಳು ಶತಮಾನಗಳಲ್ಲಿ ಒಂದೊಂದು ಮೋಸ ಬಯಲಾದಾಗಲೂ ಒಂದೊಂದು ಮುದ್ರೆ ಸೇರಿಕೊಂಡಿದೆ. ಆ ಮೋಸಗಳ ಕಥೆ ಗೊತ್ತಿದ್ದವರಿಗೆ ಬ್ರಿಟಿಷ್ ಬೆಳ್ಳಿ ಓದುವುದು ಸುಲಭ. ಮುದ್ರೆಗಳ ಪಟ್ಟಿಯನ್ನಷ್ಟೇ ಬಾಯಿಪಾಠ ಮಾಡಿದವರು ಬೇಗ ಟೋಪಿ ಹಾಕಿಸಿಕೊಳ್ಳುತ್ತಾರೆ.

ಅಪ್ಪಟ ಬೆಳ್ಳಿ ಪಾತ್ರೆಗೆ ಒಗ್ಗದಷ್ಟು ಮೆದು. ತಾಮ್ರ ಬೆರೆಸಲೇಬೇಕು. ಎಷ್ಟು ಬೆರೆಸಬಹುದು ಎಂಬಲ್ಲೇ ಜಗಳ ಶುರು. 1300ರಲ್ಲಿ ಇಂಗ್ಲೆಂಡಿನ ಒಂದನೇ ಎಡ್ವರ್ಡ್ ದೊರೆ ಶಾಸನ ಹೊರಡಿಸಿದ: ಬೆಳ್ಳಿ ಸಾಮಾನು ನಾಣ್ಯದ ಬೆಳ್ಳಿಗಿಂತ ಕೀಳಾಗಿರಕೂಡದು. ಕಸುಬಿನ ಹಿರಿಯರು ಅಂಗಡಿಯಿಂದ ಅಂಗಡಿಗೆ ಹೋಗಿ ಪರೀಕ್ಷಿಸಿ ಚಿರತೆಯ ತಲೆ ಒತ್ತಬೇಕು. 1363ರಲ್ಲಿ ಇನ್ನೊಂದು ಕಟ್ಟಳೆ ಬಂತು. ಪ್ರತಿ ಕುಶಲಕರ್ಮಿಗೂ ತನ್ನದೇ ಗುರುತಿರಬೇಕು. ಕಲಬೆರಕೆ ಸಿಕ್ಕರೆ ಯಾರ ಕೊರಳಪಟ್ಟಿ ಹಿಡಿಯಬೇಕೆಂದು ತಿಳಿಯಬೇಕಲ್ಲ. ಓದು ಬಲ್ಲವರು ಕಡಿಮೆಯಿದ್ದ ಕಾಲ, ಹಾಗಾಗಿ ಮೊದಮೊದಲು ಈ ಗುರುತುಗಳು ಅಕ್ಷರಗಳಿಗಿಂತ ಚಿತ್ರಗಳೇ ಆಗಿದ್ದವು.

ಹಾಗಾದರೆ ಪರೀಕ್ಷಕನೇ ಕೈಕೊಟ್ಟರೆ? 1478ರಲ್ಲಿ ಲಂಡನ್ನಿನ ಅಕ್ಕಸಾಲಿಗರ ಸಂಘ ತನ್ನ ಸಭಾಭವನ ಗೋಲ್ಡ್‌ಸ್ಮಿತ್ಸ್ ಹಾಲ್‌ನಲ್ಲಿ ಸಂಬಳದ ಪರೀಕ್ಷಕನನ್ನು ಕೂರಿಸಿತು. ಇನ್ನು ಸಾಮಾನನ್ನೇ ಅಲ್ಲಿಗೆ ಒಯ್ಯಬೇಕು. ಹಾಲ್‌ಮಾರ್ಕ್ ಎಂಬ ಹೆಸರು ಬಂದದ್ದು ಈ ಭವನದಿಂದಲೇ. ವರ್ಷಕ್ಕೊಂದು ಅಕ್ಷರ ಒತ್ತುವ ಪದ್ಧತಿಯೂ ಆಗಲೇ ಮೊದಲಾಯಿತು. ಕೀಳು ಬೆಳ್ಳಿಗೆ ಮುದ್ರೆ ಬಿದ್ದದ್ದು ಮುಂದೆಂದೋ ಪತ್ತೆಯಾದರೆ, ಅದು ಯಾವ ಪರೀಕ್ಷಕನ ಕಾಲದ್ದೆಂದು ಹೇಳಬೇಕಿತ್ತು. ಅಕ್ಷರ ಇರುವುದು ಅದಕ್ಕೆ. ಐನೂರು ವರ್ಷದ ನಂತರದ ಸಂಗ್ರಾಹಕನಿಗೆ ಪಾತ್ರೆಯ ವಯಸ್ಸು ತಿಳಿಯಲಿ ಎಂಬ ಉಪಕಾರಬುದ್ಧಿ ಯಾರಿಗೂ ಇರಲಿಲ್ಲ.

ಪರೀಕ್ಷೆಯ ಕ್ರಮ ನಮ್ಮ ಅಕ್ಕಸಾಲಿಗರಿಗೆ, ಚಿನಿವಾರರಿಗೆ ಹೊಸದಲ್ಲ. ಪಾತ್ರೆಯ ಬೇರೆಬೇರೆ ಭಾಗಗಳಿಂದ ಚೂರೇ ಚೂರು ಬೆಳ್ಳಿ ಹೆರೆದು ತೂಗುತ್ತಾರೆ. ಸೀಸದ ಹಾಳೆಯಲ್ಲಿ ಸುತ್ತಿ, ಮೂಳೆಯ ಬೂದಿಯಿಂದ ಮಾಡಿದ ಪುಟ್ಟ ಬಟ್ಟಲಲ್ಲಿಟ್ಟು ಪುಟ ಹಾಕುತ್ತಾರೆ. ಕರಗಿದ ಸೀಸ ತಾಮ್ರವನ್ನೂ ಕೂಡಿಕೊಂಡು ಬೂದಿಯೊಳಗೆ ಇಂಗಿಹೋಗುತ್ತದೆ. ಮೇಲೆ ಬೆಳ್ಳಿಯ ಗುಂಡು ಉಳಿಯುತ್ತದೆ. ಮತ್ತೆ ತೂಗಿದರೆ ಲೆಕ್ಕ ಸಿಗುತ್ತದೆ. ಪಾಸಾದರೆ ಮುದ್ರೆ, ಫೇಲಾದರೆ ಪಾತ್ರೆಯನ್ನು ಜಜ್ಜಿ ಮಾಲೀಕನ ಕೈಗೆ ವಾಪಸ್. ಈಗ ಎಕ್ಸ್‌ರೇ ಯಂತ್ರ ಆ ಕೆಲಸದ ಬಹುಪಾಲನ್ನು ಮುಗಿಸುತ್ತದೆ.

ನಡೆಯುವ ಸಿಂಹ ಸೇರಿದ್ದು 1544ರಲ್ಲಿ. ಎಂಟನೇ ಹೆನ್ರಿ ತನ್ನ ಖಜಾನೆ ತುಂಬಿಸಲು ನಾಣ್ಯಗಳಿಗೇ ತಾಮ್ರ ಸುರಿಯುತ್ತಿದ್ದ ಕಾಲ ಅದು. ದೊರೆಯ ನಾಣ್ಯವನ್ನು ನಂಬಲಾಗದ ಆ ದಿನಗಳಲ್ಲೂ ಚಮಚದ ಬೆಳ್ಳಿ ನಂಬಿಕೆಗೆ ಅರ್ಹವಾಗಿತ್ತು. ಸಿಂಹ ಇಂದಿಗೂ ಇಂಗ್ಲೆಂಡಿನ ಬೆಳ್ಳಿಯ ಮೇಲೆ ನಡೆಯುತ್ತಲೇ ಇದೆ.

ಮುಂದಿನ ಶತಮಾನದ ಕೊನೆಗೆ ಕಥೆ ತಿರುಗಿಬಿತ್ತು. ಪಾತ್ರೆಯ ಬೆಳ್ಳಿಗೂ ನಾಣ್ಯದ ಬೆಳ್ಳಿಗೂ ಶುದ್ಧಿ ಒಂದೇ ಆದ್ದರಿಂದ ಜನ ನಾಣ್ಯಗಳ ಅಂಚು ಕತ್ತರಿಸಿ, ಕರಗಿಸಿ, ಪಾತ್ರೆ ಮಾಡಿಸತೊಡಗಿದರು. ಚಲಾವಣೆಗೆ ನಾಣ್ಯವೇ ಸಾಲದಾಯಿತು. 1697ರಲ್ಲಿ ಸರ್ಕಾರ ಪಾತ್ರೆಯ ಬೆಳ್ಳಿಯ ಶುದ್ಧಿಯನ್ನು 958ಕ್ಕೆ ಏರಿಸಿಬಿಟ್ಟಿತು. ನಾಣ್ಯ ಕರಗಿಸಿದರೂ ಪಾತ್ರೆಗೆ ಆಗದಂತೆ. ಸಿಂಹ, ಚಿರತೆ ಎರಡೂ ಮರೆಯಾಗಿ ಕುಳಿತ ಬ್ರಿಟಾನಿಯಾ ದೇವಿ, ಕತ್ತಿನಿಂದ ಹರಿದ ಸಿಂಹದ ತಲೆ ಬಂದವು. ಕರ್ಮಿಗಳೂ ಹೆಸರಿನ ಮೊದಲಕ್ಷರ ಬಿಟ್ಟು ಮನೆತನದ ಹೆಸರಿನ ಮೊದಲೆರಡು ಅಕ್ಷರ ಒತ್ತಬೇಕಾಯಿತು. 1720ರಲ್ಲಿ ಹಳೆಯ ಶುದ್ಧಿಗೆ ಮತ್ತೆ ಅನುಮತಿ ಸಿಕ್ಕಿತು. ಹೀಗಾಗಿ ಈ ಇಪ್ಪತ್ತಮೂರು ವರ್ಷಗಳ ಇಂಗ್ಲಿಷ್ ಬೆಳ್ಳಿಯನ್ನು ಗುರುತಿಸುವುದು ಉಳಿದೆಲ್ಲಕ್ಕಿಂತ ಸುಲಭ. ಎಚ್ಚರ ಒಂದೇ: ಇಷ್ಟಪಟ್ಟವರು 1720ರ ನಂತರವೂ ಬ್ರಿಟಾನಿಯಾ ಬೆಳ್ಳಿಯಲ್ಲಿ ಕೆಲಸ ಮಾಡಬಹುದಿತ್ತು, ಮಾಡಿದ್ದಾರೆ.

ಹಳೆಯ ಶುದ್ಧಿಯ ಜೊತೆ ಔನ್ಸಿಗೆ ಆರು ಪೆನ್ಸ್ ತೆರಿಗೆಯೂ ಬಂತು. ತೆರಿಗೆ ಬಂದಲ್ಲಿ ತಪ್ಪಿಸುವ ವಿದ್ಯೆಯೂ ಬಂದೇ ಬರುತ್ತದೆ. ಪುಟ್ಟ ತಟ್ಟೆಯೊಂದಕ್ಕೆ ಮುದ್ರೆ ಒತ್ತಿಸಿ ಪುಡಿಗಾಸಿನ ತೆರಿಗೆ ಕಟ್ಟುವುದು. ಆಮೇಲೆ ಮುದ್ರೆಯಿರುವ ತುಂಡು ಕತ್ತರಿಸಿ ಭಾರೀ ಹೂಜಿಯ ತಳಕ್ಕೆ ಬೆಸೆಯುವುದು. ಆ ಕಾಲದ ಅತಿ ದೊಡ್ಡ ಹೆಸರು ಪಾಲ್ ಡಿ ಲಾಮೆರಿಯದು. ಹಾಲೆಂಡಿನಲ್ಲಿ ಹುಟ್ಟಿ ಕೂಸಾಗಿದ್ದಾಗಲೇ ಲಂಡನ್ನಿಗೆ ಬಂದ, ಹ್ಯೂಗನಾಟ್ ಎಂಬ ಫ್ರೆಂಚ್ ಪ್ರಾಟೆಸ್ಟೆಂಟ್ ಪಂಗಡದ ಮನೆತನದವನು. ಅವನ ಕಾರ್ಖಾನೆಯೂ ಈ ಕೈಚಳಕದಿಂದ ದೂರ ಉಳಿದಿರಲಿಲ್ಲ. ಅದೇ ಲಾಮೆರಿ 1731ರಲ್ಲಿ ಮುದ್ರೆ ಒತ್ತುವ ಆ ಅಕ್ಕಸಾಲಿಗರ ಸಂಘದ ಆಡಳಿತ ಮಂಡಳಿಯಲ್ಲೇ ಕುಳಿತ! ಇಂದು ಅವನ ಪಾತ್ರೆಗಳು ವಸ್ತುಸಂಗ್ರಹಾಲಯಗಳ ಗಾಜಿನ ಪೆಟ್ಟಿಗೆಯಲ್ಲಿವೆ. 1758ರಲ್ಲಿ ರದ್ದಾದ ತೆರಿಗೆ 1784ರಲ್ಲಿ ಮತ್ತೆ ಬಂದಾಗ ಸಂದಾಯದ ಸಾಕ್ಷಿಯಾಗಿ ದೊರೆಯ ತಲೆಯ ಮುದ್ರೆ ಜೊತೆಗೂಡಿತು, 1890ರವರೆಗೂ ಇತ್ತು.

ಓದುವ ಕ್ರಮಕ್ಕೆ ಬರೋಣ. ಮೊದಲು ಊರು ಹಿಡಿಯಬೇಕು, ಏಕೆಂದರೆ 1975ಕ್ಕೆ ಮುಂಚೆ ವರ್ಷದ ಅಕ್ಷರ ಊರಿಂದ ಊರಿಗೆ ಬೇರೆಯಿತ್ತು. ಬೇರೆ ಊರಿನ ಗುರುತಿಲ್ಲದ ಚಿರತೆಯ ತಲೆ ಎಂದರೆ ಲಂಡನ್. 1821ರಲ್ಲಿ ಅದು ಕಿರೀಟ ಕಳೆದುಕೊಂಡಿತು, ಅದೇ ಹೊತ್ತಿಗೆ ಸಿಂಹವೂ ನಮ್ಮತ್ತ ನೋಡುವುದನ್ನು ಬಿಟ್ಟು ಮುಂದೆ ನೋಡತೊಡಗಿತು. ಕೋಟೆ ಎಡಿನ್‌ಬರೋದ್ದು, ಅಲ್ಲಿ 1759ರಿಂದ 1975ರವರೆಗೆ ಸಿಂಹದ ಜಾಗದಲ್ಲಿ ಥಿಸಲ್ ಎಂಬ ಮುಳ್ಳುಹೂವು ಇತ್ತು. ಮೂರು ಗೋಧಿ ಸಿವುಡು ಮತ್ತು ಕತ್ತಿ ಚೆಸ್ಟರ್ ಊರಿನದು. ಆ ಕಚೇರಿ 1962ರಲ್ಲಿ ಮುಚ್ಚಿತು. ಎಕ್ಸೆಟರ್, ನ್ಯೂಕ್ಯಾಸಲ್, ಯಾರ್ಕ್, ಗ್ಲಾಸ್ಗೋ ಕಚೇರಿಗಳೂ ಈಗಿಲ್ಲ.

ಬರ್ಮಿಂಗ್‌ಹ್ಯಾಮ್‌ಗೆ ಲಂಗರು, ಶೆಫೀಲ್ಡ್‌ಗೆ ಕಿರೀಟ. ಎರಡೂ ಸಮುದ್ರಕ್ಕಾಗಲೀ ಅರಮನೆಗಾಗಲೀ ಹತ್ತಿರದ ಊರುಗಳಲ್ಲ. ಜೇಮ್ಸ್ ವಾಟ್‌ನ ಉಗಿಯಂತ್ರದ ಪಾಲುದಾರನಾಗಿದ್ದ ಮ್ಯಾಥ್ಯೂ ಬೋಲ್ಟನ್ ಬೆಳ್ಳಿ ಸಾಮಾನಿನ ಕಾರ್ಖಾನೆಯನ್ನೂ ನಡೆಸುತ್ತಿದ್ದ. ಪ್ರತಿ ಸಲವೂ ಸರಕನ್ನು ಗಾಡಿಯಲ್ಲಿ ಚೆಸ್ಟರ್‌ಗೆ ಕಳಿಸಬೇಕು. ವಾಪಸ್ ಬರುವಷ್ಟರಲ್ಲಿ ನುಗ್ಗುನುರಿ. ಬೇಸತ್ತ ಬೋಲ್ಟನ್ ಶೆಫೀಲ್ಡಿನವರ ಜೊತೆ ಪಾರ್ಲಿಮೆಂಟಿನ ಬಾಗಿಲು ತಟ್ಟಿದ. ಲಂಡನ್ನಿನ ಅಕ್ಕಸಾಲಿಗರು ಅಡ್ಡ ಬಂದರು. ವಿಚಾರಣೆ ನಡೆದಾಗ ಲಂಡನ್ನಿನ ಹುಳುಕೇ ಬಯಲಾಯಿತು. 1773ರಲ್ಲಿ ಎರಡೂ ಊರುಗಳಿಗೆ ಕಚೇರಿ ಮಂಜೂರಾಯಿತು. ಈ ಓಡಾಟದಲ್ಲಿ ಅವರು ಸಭೆ ಸೇರುತ್ತಿದ್ದ ಲಂಡನ್ನಿನ ಛತ್ರದ ಹೆಸರು ‘ಕ್ರೌನ್ ಅಂಡ್ ಆಂಕರ್’, ಅಂದರೆ ಕಿರೀಟ ಮತ್ತು ಲಂಗರು. ಯಾರಿಗೆ ಯಾವುದೆಂದು ನಾಣ್ಯ ಚಿಮ್ಮಿ ತೀರ್ಮಾನಿಸಿದರೆಂಬುದು ಐತಿಹ್ಯ. ನಾನಂತೂ ನಂಬಲು ತಯಾರು. ಶೆಫೀಲ್ಡ್ 1975ರಲ್ಲಿ ಕಿರೀಟ ಬಿಟ್ಟು ಗುಲಾಬಿ ಹಿಡಿಯಿತು.

ಊರು ಸಿಕ್ಕಿದ ಮೇಲೆ ವರ್ಷ. 1975ಕ್ಕೆ ಮುಂಚಿನ ಲಂಡನ್ನಿನ ಸಾಲಿನಲ್ಲಿ ಇಪ್ಪತ್ತೇ ಅಕ್ಷರ. ಜೆ ಇಲ್ಲ, ಯು ಆದಮೇಲೆ ಯಾವುದೂ ಇಲ್ಲ. ಇಪ್ಪತ್ತು ವರ್ಷಕ್ಕೊಮ್ಮೆ ಅಕ್ಷರದ ವಿನ್ಯಾಸವನ್ನೋ ಅದರ ಸುತ್ತಲ ಗುರಾಣಿಯ ಆಕಾರವನ್ನೋ ಬದಲಿಸುತ್ತಿದ್ದರು. ತೊಡಕು ಇಲ್ಲೇ. ಸಣ್ಣಕ್ಷರದ ಎ 1736ರಲ್ಲಿದೆ, 1776ರಲ್ಲಿದೆ, 1816ರಲ್ಲೂ ಇದೆ. ಅಕ್ಷರವೊಂದನ್ನೇ ನೋಡಿ ವರ್ಷ ಹೇಳುವವರನ್ನು ನಂಬಬೇಡಿ. ಪಕ್ಕದಲ್ಲಿ ದೊರೆಯ ತಲೆ ಇದ್ದರೆ 1816. ಇಲ್ಲದಿದ್ದರೆ ಗುರಾಣಿಯ ಅಂಚನ್ನೂ ಚಮಚದ ರೂಪವನ್ನೂ ನೋಡಿ ಹಿಂದಿನ ಎರಡರಲ್ಲಿ ಒಂದನ್ನು ಆರಿಸಬೇಕು. ಶೆಫೀಲ್ಡಿನವರಂತೂ 1824ರವರೆಗೆ ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲೂ ಬಳಸಲಿಲ್ಲ. ಮನಸ್ಸಿಗೆ ಬಂದದ್ದು ಒತ್ತಿದರು. ಪಟ್ಟಿ ಪುಸ್ತಕವಿಲ್ಲದೆ ಅಲ್ಲಿ ಬುದ್ಧಿ ಓಡಿಸಿ ಪ್ರಯೋಜನವಿಲ್ಲ.

ಕೊನೆಗೆ ಹೆಸರಿನ ಅಕ್ಷರಗಳು. ಎಲ್ಲರೂ ಮೊದಲು ನೋಡುವುದು ಇದನ್ನೇ, ಹೆಚ್ಚು ಎಡವುವುದೂ ಇಲ್ಲೇ. ಚಾರ್ಲ್ಸ್ ಜ್ಯಾಕ್ಸನ್ 1905ರಲ್ಲಿ ಹೊರತಂದ ಬೃಹತ್ ಸಂಕಲನ, ಲಂಡನ್ನಿನ 1697ರಿಂದ 1837ರವರೆಗಿನ ನೋಂದಣಿಗಳನ್ನು ಜಾಲಾಡಿ ಆರ್ಥರ್ ಗ್ರಿಮ್‌ವೇಡ್ 1976ರಲ್ಲಿ ಪ್ರಕಟಿಸಿದ ಗ್ರಂಥ, ಇವೆರಡೂ ಈ ವಿದ್ಯೆಯ ಆಧಾರಸ್ತಂಭಗಳು. ಆದರೂ ಹದಿನೆಂಟನೇ ಶತಮಾನದ ಕೆಲವು ನೋಂದಣಿ ಪುಸ್ತಕಗಳೇ ಕಳೆದುಹೋಗಿರುವುದರಿಂದ ಎಷ್ಟೋ ಅಕ್ಷರಗಳಿಗೆ ಒಡೆಯರು ಸಿಕ್ಕಿಲ್ಲ. ಸಿಕ್ಕವರ ಬಗ್ಗೆಯೂ ಹುಷಾರಾಗಿರಬೇಕು. ಈ ಮುದ್ರೆ ಹೇಳುವುದು ಬೆಳ್ಳಿಗೆ ಹೊಣೆ ಯಾರು ಎಂದು. ಸುತ್ತಿಗೆ ಹಿಡಿದವರು ಯಾರು ಎಂದಲ್ಲ. ಪಾಲ್ ಸ್ಟಾರ್ ಲಂಡನ್ನಿನ ರಂಡೆಲ್ ಸಂಸ್ಥೆಗೆ ದೊಡ್ಡ ಕಾರ್ಖಾನೆ ನಡೆಸುತ್ತಿದ್ದಾಗ ಪಾತ್ರೆಗಳ ಮೇಲೆ ಪಿಎಸ್ ಬೀಳುತ್ತಿತ್ತು. 1819ರಲ್ಲಿ ಆತ ಬಿಟ್ಟುಹೋದ. ಅಲ್ಲಿಂದ ಮುಂದೆ ಸಂಸ್ಥೆಯ ಪಾತ್ರೆಗಳ ಮೇಲೆ ಬಿದ್ದದ್ದು ವ್ಯಾಪಾರಿ ಫಿಲಿಪ್ ರಂಡೆಲ್‌ನ ಪಿಆರ್.

ಹೆಸ್ಟರ್ ಬೇಟ್‌ಮನ್ ಕಥೆಯೂ ಹಾಗೆಯೇ. 1760ರಲ್ಲಿ ಗಂಡ ತೀರಿಕೊಂಡಾಗ ಅವನ ಹತಾರಗಳು ಆಕೆಗೆ ಬಂದವು. ಮರುವರ್ಷ ತನ್ನ ಹೆಸರಲ್ಲೇ ಮುದ್ರೆ ನೋಂದಾಯಿಸಿ, ಮಕ್ಕಳು ಮತ್ತು ಕೆಲಸದವರೊಂದಿಗೆ 1790ರವರೆಗೆ ದುಡಿಮೆ ನಡೆಸಿದಳು. ತೆಳು ತಗಡು, ಅಂಚಿಗೆ ಮಣಿಸಾಲು, ಹಿತಮಿತವಾದ ಕೆತ್ತನೆ. ಮಧ್ಯಮ ವರ್ಗದ ಮನೆಗಳಿಗೆ ಎಟುಕುವ ಬೆಲೆ. ಈ ವ್ಯವಹಾರಜ್ಞಾನವೇ ಆಕೆಯ ಪ್ರತಿಭೆ. ಆಕೆಯ ಹೆಸರಿದ್ದರೆ ಸಾಕು, ಸಾಧಾರಣ ಸಕ್ಕರೆ ಚಿಮಟಕ್ಕೂ ಹೆಚ್ಚು ತೆರುವವರಿದ್ದಾರೆ. ನನಗೆ ಅದು ದುಬಾರಿ ಭಕ್ತಿ ಎನಿಸುತ್ತದೆ.

ನಕಲು ಹಿಡಿಯಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಬೆಸೆದ ತುಂಡಿನ ಅನುಮಾನ ಬಂದರೆ ಮುದ್ರೆಯ ಮೇಲೆ ಬಾಯಿಂದ ಉಸಿರು ಬಿಡಬೇಕು. ಆವಿ ಕೂತಾಗ ಬೆಸುಗೆಯ ಗೆರೆ ಎದ್ದು ಕಾಣುತ್ತದೆ. ಆರು ಚಮಚಗಳ ಸೆಟ್ಟಿನಲ್ಲಿ ಮುದ್ರೆಗಳು ಆರರಲ್ಲೂ ಕೂದಲೆಳೆ ವ್ಯತ್ಯಾಸವಿಲ್ಲದೆ ಒಂದೇ ಜಾಗದಲ್ಲಿ, ಒಂದೇ ಕೋನದಲ್ಲಿದ್ದರೆ ಖುಷಿಪಡುವ ಬದಲು ಗಾಬರಿಯಾಗಬೇಕು. ಕೈಯಲ್ಲಿ ಒಂದೊಂದಾಗಿ ಒತ್ತಿದ ಮುದ್ರೆಗಳು ಅಷ್ಟು ಶಿಸ್ತಿನಿಂದ ಕೂರುವುದಿಲ್ಲ. ಒಂದು ಅಸಲಿ ಚಮಚದಿಂದ ಅಚ್ಚು ತೆಗೆದು ಎರಕ ಹೊಯ್ದಿದ್ದಾರೆ. ಲಂಡನ್ನಿನ ಚಮಚಗಳಲ್ಲಿ ಸುಮಾರು 1780ಕ್ಕೆ ಮುಂಚೆ ಮುದ್ರೆ ಬಟ್ಟಲಿನ ಹತ್ತಿರ, ಆಮೇಲೆ ಹಿಡಿಯ ತುದಿಯ ಕಡೆ. ದೊಡ್ಡ ಪಾತ್ರೆಗಳ ತಳದಲ್ಲಿ ಎಷ್ಟೋ ವೇಳೆ ಮೂಲ ತೂಕವನ್ನು ಗೀಚಿರುತ್ತಾರೆ. ಈಗಿನ ತೂಕ ಅದಕ್ಕಿಂತ ಜಾಸ್ತಿ ಬಂದರೆ ಯಾರೋ ಹಿಡಿಯನ್ನೋ ಮೂತಿಯನ್ನೋ ಆಮೇಲೆ ಅಂಟಿಸಿದ್ದಾರೆ. ವಿಕ್ಟೋರಿಯಾ ಕಾಲದಲ್ಲಿ ಬಿಯರ್ ಕುಡಿಯುವ ಹಳೆಯ ಮಗ್ಗುಗಳಿಗೆ ಮೂತಿ ಬೆಸೆದು ಹೂಜಿ ಮಾಡುವುದು ಒಂದು ಗೀಳೇ ಆಗಿತ್ತು.

ನಮ್ಮ ಕಡೆ, ಎಸ್ಟೇಟ್ ಬಂಗಲೆಗಳಿಂದಲೋ ಹಳೆಯ ಸಾಮಾನಿನ ಅಂಗಡಿಗಳಿಂದಲೋ ಕೈಗೆ ಬರುವ ಇಂಗ್ಲಿಷ್ ಟೀ ಸೆಟ್ಟುಗಳಲ್ಲಿ ಬೇರೆಯೇ ಬಲೆಯಿದೆ. ಇಪಿಎನ್‌ಎಸ್ ಎಂಬ ನಾಲ್ಕು ಅಕ್ಷರ ನಾಲ್ಕು ಪುಟ್ಟ ಗುರಾಣಿಗಳಲ್ಲಿ ಕೂತು ಥೇಟ್ ಹಾಲ್‌ಮಾರ್ಕ್‌ನಂತೆಯೇ ಕಾಣುತ್ತದೆ. ಅದು ನಿಕ್ಕಲ್ ಬೆರೆಸಿದ ಹಿತ್ತಾಳೆಯಂಥ ಲೋಹಕ್ಕೆ ವಿದ್ಯುತ್ತಿನಿಂದ ಬೆಳ್ಳಿ ಲೇಪ ಕೊಟ್ಟ ಸಾಮಾನು. ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್‌ಟನ್ ಸಂಸ್ಥೆ 1840ರಲ್ಲಿ ಪೇಟೆಂಟ್ ಪಡೆದ ವಿದ್ಯೆ. ಇನ್ನು ಬ್ರಿಟಿಷರ ಕಾಲದಲ್ಲಿ ಇಲ್ಲೇ ತಯಾರಾದ ಬೆಳ್ಳಿಗೆ ಇಂಗ್ಲೆಂಡಿನ ಮುದ್ರೆಯನ್ನು ಹುಡುಕಿ ಫಲವಿಲ್ಲ. ಮದರಾಸಿನ ಪಿ. ಓರ್ ಅಂಡ್ ಸನ್ಸ್, ಕಲ್ಕತ್ತೆಯ ಹ್ಯಾಮಿಲ್ಟನ್ ಅಂಡ್ ಕಂಪನಿ ತಮ್ಮ ಹೆಸರನ್ನೋ ತಾವೇ ಆರಿಸಿಕೊಂಡ ಗುರುತನ್ನೋ ಒತ್ತುತ್ತಿದ್ದವು. ಅವು ಅಂಗಡಿಯ ಮಾತು, ಸರ್ಕಾರದ ಪರೀಕ್ಷೆಯಲ್ಲ. ದೇವದೇವಿಯರ ಉಬ್ಬುಚಿತ್ರಗಳಿರುವ ಮದರಾಸಿನ ‘ಸ್ವಾಮಿ’ ಬೆಳ್ಳಿಗೆ ಅದರಿಂದ ಬೆಲೆಯೇನೂ ಕಡಿಮೆಯಾಗಿಲ್ಲ.

ಅಂಥದ್ದೇನಾದರೂ ನಿಮ್ಮ ಮನೆಯ ಬೀರುವಿನಲ್ಲಿದ್ದರೆ ಒಂದು ಕೋರಿಕೆ. ಹಬ್ಬಕ್ಕೆಂದು ಪಾಲಿಶ್ ಪುಡಿ ಹಾಕಿ ಗಸಗಸ ತಿಕ್ಕಬೇಡಿ. ಒಂದೊಂದು ಸಲ ತಿಕ್ಕಿದಾಗಲೂ ಮುದ್ರೆ ಒಂದಿಷ್ಟು ಸವೆಯುತ್ತದೆ, ಸವೆದ ಮುದ್ರೆಯನ್ನು ಮತ್ತೆ ಬರಿಸಲು ಯಾರಿಂದಲೂ ಆಗದು. ಮೊದಲು ಓರೆ ಬೆಳಕಿನಲ್ಲಿ ಮುದ್ರೆಗಳ ಫೋಟೊ ತೆಗೆದು, ಪಾತ್ರೆಯ ತೂಕ ಬರೆದಿಟ್ಟುಕೊಳ್ಳಿ. ಆಮೇಲೆ ಮೆತ್ತನೆಯ ಬಟ್ಟೆಯಲ್ಲಿ ಒರೆಸಿದರೆ ಸಾಕು.