ಹಾಯಿದೋಣಿಯ ಪ್ರೊಪೆಲ್ಲರ್: ಬಡಿದು ನೇರಗೊಳಿಸುವ ಮುನ್ನ

ಬೆಳ್ಳಂದೂರು ಕೆರೆಯ ವಿಸ್ತೀರ್ಣ ಸುಮಾರು 900 ಎಕರೆ. ಆದರೆ ನೊರೆಯಿಂದಲೂ 2017 ಹಾಗೂ 2018ರಲ್ಲಿ ಹೊತ್ತಿದ ಬೆಂಕಿಯಿಂದಲೂ ಹೆಸರಾದ ಆ ನೀರಿನಲ್ಲಿ ಹಾಯಿ ಬಿಚ್ಚುವ ಮಾತೇ ಇಲ್ಲ. ಆದುದರಿಂದ ಈ ಭಾಗದ ಉದ್ಯಮಿಯೊಬ್ಬರು ಬಳಸಿದ ಹಾಯಿದೋಣಿಯನ್ನು ಕೊಂಡರೆ ಅದು ತಂಗುವುದು ಮಂಗಳೂರು, ಗೋವಾ ಅಥವಾ ಕೊಚ್ಚಿಯಲ್ಲಿ. ಮಂಗಳೂರೆಂದರೂ ಸುಮಾರು 350 ಕಿ.ಮೀ. ದೂರ. ದೋಣಿ ಅಲ್ಲಿ, ಯಜಮಾನರು ಇಲ್ಲಿ. ಕೊಂಡ ಕೆಲವೇ ದಿನಗಳಲ್ಲಿ ಪ್ರೊಪೆಲ್ಲರ್ ಕೆಟ್ಟಿರುವುದು ತಿಳಿದುಬಂದರೆ ಏನು ಮಾಡಬೇಕು? ಈ ಪ್ರಶ್ನೆ ಕೊಂಡವರಿಗೆ ಮಾತ್ರವಲ್ಲ, ಪೀಣ್ಯ, ವೈಟ್‌ಫೀಲ್ಡ್‌ಗಳ ಸಣ್ಣ ವರ್ಕ್‌ಷಾಪುಗಳಿಗೂ ಸಂಬಂಧಿಸಿದ್ದು. ದೋಣಿ ಘಟ್ಟ ಹತ್ತಲಾರದು. ಒಂದೂವರೆ ಅಡಿ ವ್ಯಾಸದ ಪ್ರೊಪೆಲ್ಲರ್ ಕಾರಿನ ಡಿಕ್ಕಿಯಲ್ಲಿ ಬಂದುಬಿಡುತ್ತದೆ.

ಹಾಯಿ ಇರುವಾಗ ಪ್ರೊಪೆಲ್ಲರಿನ ಚಿಂತೆ ಏಕೆ ಎಂದು ಕೆಲವರು ಕೇಳಬಹುದು. ನಮ್ಮ ಕರಾವಳಿಯ ಅಳಿವೆ ಬಾಗಿಲುಗಳಲ್ಲಿ ಮರಳು ತುಂಬಿ ಆಳ ಕಡಿಮೆ, ಅಲೆಯ ಹೊಡೆತ ಜೋರು. ಅಲ್ಲಿ ಗಾಳಿ ಕೈಕೊಟ್ಟಾಗ ದೋಣಿಯನ್ನು ಒಳತರುವುದು ಎಂಜಿನ್ನೇ. ಆ ಘಳಿಗೆಯಲ್ಲಿ ಅಲಗು ಮುರಿದರೆ ಹೋಗುವುದು ಹಣ ಮಾತ್ರವಲ್ಲ.

ಕರಾವಳಿಯ ಬೋಟಿನವರು ‘ಫ್ಯಾನ್’ ಎಂದು ಕರೆಯುವ ಈ ಭಾಗಕ್ಕೆ ಪೆಟ್ಟು ಹಲವು ಬಗೆಯಲ್ಲಿ ಬೀಳುತ್ತದೆ: ಮರಳ ದಿಬ್ಬಕ್ಕೆ ಅಥವಾ ಬಂಡೆಗೆ ತಾಗುವುದು, ಹರಿದ ಬಲೆಯೋ ಹಗ್ಗವೋ ಸುತ್ತಿಕೊಳ್ಳುವುದು, ಉಪ್ಪುನೀರಿನಲ್ಲಿ ಲೋಹ ಸವೆಯುವುದು. ಮೊದಲ ಎರಡು ಕಣ್ಣಿಗೆ ಕಾಣುತ್ತವೆ. ಮೂರನೆಯದು ಕಾಣುವುದಿಲ್ಲ, ಅದೇ ಹೆಚ್ಚು ಅಪಾಯಕಾರಿ. ಚಿಕ್ಕ ದೋಣಿಗಳ ಪ್ರೊಪೆಲ್ಲರುಗಳು ಬಹುಮಟ್ಟಿಗೆ ‘ಮ್ಯಾಂಗನೀಸ್ ಬ್ರಾಂಜ್’ನವು. ಹೆಸರಿನಲ್ಲಿ ಕಂಚು, ಜಾತಿಯಲ್ಲಿ ಹಿತ್ತಾಳೆ, ಶೇ. 40ಕ್ಕೆ ಸಮೀಪ ಸತುವೇ ಇರುತ್ತದೆ. ರಕ್ಷಣೆಗೆಂದು ಶಾಫ್ಟಿಗೆ ಕಟ್ಟಿದ ಸತುವಿನ ತುಂಡು ಕರಗಿ ಹೋದ ಬಳಿಕವೂ ಅದನ್ನು ಬದಲಿಸದಿದ್ದರೆ, ಕಡಲ ನೀರು ಅಲಗಿನೊಳಗಿನ ಸತುವನ್ನೇ ಸೆಳೆದುಕೊಳ್ಳುತ್ತದೆ. ಉಳಿಯುವುದು ಜೊಳ್ಳಾದ ತಾಮ್ರ. ಆಕಾರ ಹಾಗೆಯೇ ಇರುತ್ತದೆ, ಬಲ ಇರುವುದಿಲ್ಲ. ಅಂಚನ್ನು ಚೂರು ಉಜ್ಜಿ ನೋಡಬೇಕು. ಹಳದಿ ಹೊಳೆದರೆ ಸರಿ. ನಸುಗೆಂಪು ಕಂಡರೆ ಸಂಶಯಪಡಬೇಕು. ಹಗುರವಾಗಿ ತಟ್ಟಿದಾಗ ಗಂಟೆಯಂತೆ ನಾದ ಬಾರದೆ ಮಂಕು ಸದ್ದು ಬಂದರೆ ಸಂಶಯ ಇನ್ನೂ ಗಟ್ಟಿಯಾಗುತ್ತದೆ. ಇಂತಹ ಪ್ರೊಪೆಲ್ಲರಿಗೆ ದುರಸ್ತಿಯ ಹಣ ಸುರಿಯುವುದು ವ್ಯರ್ಥ. ಅದನ್ನು ಗುಜರಿಯ ತೂಕಕ್ಕೆ ಹಾಕಿ ಹೊಸದನ್ನು ಕೊಳ್ಳುವುದೇ ಲೇಸು.

ಲೋಹ ಗಟ್ಟಿಯಿದ್ದರೆ ಮುಂದಿನ ಕೆಲಸ ಶಾಫ್ಟಿನದು. ಅಲಗನ್ನು ಬಗ್ಗಿಸಿದ ಪೆಟ್ಟು ಶಾಫ್ಟನ್ನೂ ಬಗ್ಗಿಸಿರಬಹುದು. ಡಯಲ್ ಗೇಜ್ ಇಟ್ಟು ಕೈಯಿಂದ ತಿರುಗಿಸಿ ನೋಡದೆ ಪ್ರೊಪೆಲ್ಲರನ್ನು ಮಾತ್ರ ಬೆಂಗಳೂರಿಗೆ ತಂದರೆ ನಡುಕ ಹಾಗೆಯೇ ಉಳಿಯುತ್ತದೆ.

ವರ್ಕ್‌ಷಾಪಿನವರು ಹಬ್ಬಿನ ಮೇಲೆ ಕೊರೆದ ಅಂಕಿಗಳನ್ನು ಮೊದಲು ಓದಿಕೊಳ್ಳಬೇಕು. 16 x 11 ಎಂದಿದ್ದರೆ ವ್ಯಾಸ 16 ಅಂಗುಲ, ಪಿಚ್ 11 ಅಂಗುಲ, ಅಂದರೆ ಜಾರಿಕೆಯಿಲ್ಲದಿದ್ದರೆ ಒಂದು ಸುತ್ತಿಗೆ ಮುಂದೆ ಸಾಗುವ ದೂರ. ಎಲ್ಲ ಅಲಗುಗಳ ಪಿಚ್ ಒಂದೇ ಆಗದಿದ್ದರೆ, ತೂಕ ಎಷ್ಟು ಸರಿದೂಗಿದರೂ ದೋಣಿ ನಡುಗುತ್ತದೆ. ಬ್ಯಾಲೆನ್ಸಿಂಗ್‌ನಲ್ಲಿ ನುರಿತ ನಮ್ಮವರು ಮುಖ್ಯವಾಗಿ ಗಮನಿಸತಕ್ಕ ಅಂಶವಿದು. ಬಿರುಕಿಗೆ ವೆಲ್ಡಿಂಗ್ ಮಾಡುವಾಗಲೂ ಎಚ್ಚರ ಅಗತ್ಯ. ಮ್ಯಾಂಗನೀಸ್ ಬ್ರಾಂಜ್ ಆದರೆ ವೆಲ್ಡಿಂಗ್ ನಂತರ ಮತ್ತೆ ಹದವಾಗಿ ಕಾಯಿಸಿ ನಿಧಾನವಾಗಿ ಆರಿಸಿ ಒಳಬಿಗುವನ್ನು ಇಳಿಸಬೇಕು. ಅಲಗಿನ ಬುಡದಲ್ಲಿ ಬಿರುಕಿದ್ದರೆ ಆ ಕೆಲಸವನ್ನು ಒಪ್ಪಿಕೊಳ್ಳದಿರುವುದೇ ಒಳ್ಳೆಯದು. ಹೆಚ್ಚಿನ ಹೊರೆ ಬೀಳುವುದು ಅಲ್ಲಿಯೇ.

ಪ್ರೊಪೆಲ್ಲರುಗಳ ಅಳತೆಯ ನಿಖರತೆಗೆ ಐಎಸ್‌ಒ 484 ಎಂಬ ಮಾನದಂಡವಿದೆ. ಆದರೆ ಅದರ ಎರಡನೆಯ ಭಾಗ ಆರಂಭವಾಗುವುದೇ 0.80 ಮೀಟರ್ ವ್ಯಾಸದಿಂದ. ಚಿಕ್ಕ ಹಾಯಿದೋಣಿಯ ಪ್ರೊಪೆಲ್ಲರ್ ಅದರ ಅರ್ಧದಷ್ಟು. ಆದ್ದರಿಂದ ಪಿಚ್ಚಿನಲ್ಲಿ ಎಷ್ಟು ವ್ಯತ್ಯಾಸ ಒಪ್ಪಿಗೆ ಎಂಬುದನ್ನು ಇಬ್ಬರೂ ಮಾತನಾಡಿ ವರ್ಕ್ ಆರ್ಡರಿನಲ್ಲಿಯೇ ಬರೆಯಿಸತಕ್ಕದ್ದು. ಹಬ್ಬಿನ ಒಳಗಿನ ಟೇಪರ್ ಕೂಡ ಹಾಗೆಯೇ. ಮೆಟ್ರಿಕ್ ಶಾಫ್ಟುಗಳಲ್ಲಿ ಅದು ಸಾಮಾನ್ಯವಾಗಿ 1:10, ಅಮೆರಿಕದ ಅಂಗುಲದ ಶಾಫ್ಟುಗಳಲ್ಲಿ 1:16. ಬದಲಿ ಪ್ರೊಪೆಲ್ಲರಾದರೆ ಬ್ಲೂ ಹಚ್ಚಿ ಕೂರಿಸಿ ನೋಡಬೇಕು. ಟೇಪರ್ ಕೂರದಿದ್ದರೆ ಭಾರವೆಲ್ಲ ಕೀಯ ಮೇಲೆ ಬಿದ್ದು ಅದು ಕತ್ತರಿಸಿ ಹೋಗುತ್ತದೆ.

ಇನ್ನು ಖರ್ಚು ಯಾರದು? 1930ರ ಸರಕು ಮಾರಾಟ ಅಧಿನಿಯಮದ 16ನೇ ಪ್ರಕರಣ ಕೊಳ್ಳುವವರಿಗೆ ಅಷ್ಟೇನೂ ಅನುಕೂಲಕರವಲ್ಲ. ಮಾರಿದವರು ಅಂತಹ ಸರಕಿನ ವ್ಯಾಪಾರಿಯಲ್ಲದಿದ್ದರೆ ಗುಣಮಟ್ಟದ ಬಗ್ಗೆ ಸೂಚ್ಯ ಭರವಸೆ ಸಾಮಾನ್ಯವಾಗಿ ಇರುವುದಿಲ್ಲ. ವ್ಯಾಪಾರಿಯೇ ಆಗಿದ್ದರೂ, ಕೊಳ್ಳುವವರು ಪರೀಕ್ಷಿಸಿದ್ದಲ್ಲಿ ಆ ಪರೀಕ್ಷೆಯಿಂದ ತಿಳಿಯಬೇಕಿದ್ದ ದೋಷಕ್ಕೆ ಅದು ಅನ್ವಯಿಸದು. ವಿಮೆಯನ್ನು ನೆಚ್ಚುವುದೂ ಕಷ್ಟ: 1963ರ ಸಾಗರ ವಿಮಾ ಅಧಿನಿಯಮದಂತೆ, ಪಾಲಿಸಿಯಲ್ಲಿ ಬೇರೆ ರೀತಿ ಹೇಳಿರದ ಹೊರತು, ಸಹಜ ಸವೆತಕ್ಕೆ ವಿಮಾದಾರರು ಹೊಣೆಯಲ್ಲ. ಆದ್ದರಿಂದ ನೀರಿನಲ್ಲಿ ತೇಲುತ್ತಿರುವ ದೋಣಿಯನ್ನು ಮೇಲಿನಿಂದ ನೋಡಿ ವ್ಯಾಪಾರ ಮುಗಿಸುವ ಬದಲು, ಅದನ್ನು ದಡಕ್ಕೆ ಎತ್ತಿಸಿ ನೋಡುವ ಖರ್ಚು ಯಾರದೆಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಪ್ರೊಪೆಲ್ಲರ್ ಹಾಗೂ ಶಾಫ್ಟಿನ ಸ್ಥಿತಿಯ ಬಗ್ಗೆ ಮಾರುವವರ ಲಿಖಿತ ಭರವಸೆ ಪಡೆದು, ಕಡಲಲ್ಲಿ ಎಂಜಿನ್ ಓಡಿಸಿ ನೋಡುವವರೆಗೆ ಬೆಲೆಯ ಒಂದು ಭಾಗವನ್ನು ತಡೆಹಿಡಿಯುವ ಷರತ್ತನ್ನು ಕರಾರಿನಲ್ಲಿ ಸೇರಿಸಬಹುದು. ಭರವಸೆ ಸುಳ್ಳಾದರೆ ಅದೇ ಕಾಯಿದೆಯ 59ನೇ ಪ್ರಕರಣದಂತೆ ಆ ನಷ್ಟವನ್ನು ಬೆಲೆಯಲ್ಲಿ ಕಳೆಯುವಂತೆ ಕೇಳುವ ಹಕ್ಕು ಕೊಂಡವರಿಗಿದೆ.