ಚರಂಡಿ ಕಡೆಯಿಂದ ನೀರಿನ ಲೆಕ್ಕ

ಬೆಂಗಳೂರು ದಿಣ್ಣೆಯ ಮೇಲೆ ಕೂತ ಊರು. ಪಶ್ಚಿಮಕ್ಕೆ ಬಿದ್ದ ಮಳೆ ಅರ್ಕಾವತಿ ಸೇರಿ ಕಾವೇರಿಗೆ ಹೋಗುತ್ತದೆ. ಪೂರ್ವಕ್ಕೆ ಬಿದ್ದದ್ದು ದಕ್ಷಿಣ ಪಿನಾಕಿನಿಯ ಪಾಲಾಗಿ ತಮಿಳುನಾಡಿಗೆ ಇಳಿಯುತ್ತದೆ. ಪೀಣ್ಯ ಪಶ್ಚಿಮದ ಕಡೆ, ವೈಟ್‌ಫೀಲ್ಡ್ ಪೂರ್ವದ ಕಡೆ. ಊರಿನ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕಣಿವೆಯಲ್ಲಿದೆ ಎಂದು ಕಾವೇರಿ ನ್ಯಾಯಮಂಡಳಿ 2007ರಲ್ಲಿ ಅಷ್ಟಕ್ಕೇ ಕುಡಿಯುವ ನೀರು ಲೆಕ್ಕ ಹಾಕಿತ್ತು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪದೆ, ಬೆಂಗಳೂರಿಗೆಂದೇ 4.75 ಟಿಎಂಸಿ ಹೆಚ್ಚು ಕೊಟ್ಟಿತು. ಮಹಾನಗರವೊಂದು ಯಾವ ನದಿಗೆ ಎಷ್ಟು ಋಣಿ ಎಂಬ ಪ್ರಶ್ನೆ ಕೋರ್ಟಿನ ಮೆಟ್ಟಿಲು ಹತ್ತಿದ್ದು ಹೀಗೆ.

ಊರಿನೊಳಗೆ ಏನು ಬಂತು, ಏನು ಹೊರಹೋಯಿತು ಎಂದು ತೂಗಿ ನೋಡುವ ವಿದ್ಯೆಗೆ ನಗರ ಚಯಾಪಚಯ ಎನ್ನುತ್ತಾರೆ. 1965ರಲ್ಲಿ ಅಮೆರಿಕದ ಎಂಜಿನಿಯರ್ ಏಬಲ್ ವೋಲ್ಮನ್ ಹತ್ತು ಲಕ್ಷ ಜನರ ಕಾಲ್ಪನಿಕ ನಗರವೊಂದರ ದಿನದ ಲೆಕ್ಕ ಬರೆದರು. ಒಳಗೆ ಬರುವ ಆಹಾರ 2,000 ಟನ್, ಇಂಧನ 9,500 ಟನ್, ನೀರು 6,25,000 ಟನ್. ಹೊರಗೆ ಹೋಗುವ ಕೊಳಚೆ 5,00,000 ಟನ್. ನೀರಿನ ಮುಂದೆ ಮಿಕ್ಕದ್ದೆಲ್ಲ ಚಿಲ್ಲರೆ. ಹಾಗಾಗಿ ನೀರನ್ನು ಅಳೆಯದೆ ನಗರವನ್ನು ಅಳೆದೆವು ಎನ್ನುವಂತಿಲ್ಲ.

ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಬರುತ್ತದೆ. ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಪಂಪ್ ಮಾಡಿ ಒಟ್ಟು ಸುಮಾರು 500 ಮೀಟರ್ ಮೇಲೆತ್ತಬೇಕು. ಶಾಲೆಯ ಭೌತಶಾಸ್ತ್ರವೇ ಸಾಕು: ಸಾವಿರ ಲೀಟರನ್ನು ಅಷ್ಟು ಎತ್ತರಕ್ಕೆ ಏರಿಸಲು ಕನಿಷ್ಠ 1.36 ಯೂನಿಟ್ ವಿದ್ಯುತ್ ಬೇಕು. ಮೊದಲ ನಾಲ್ಕು ಹಂತಗಳ ದಿನದ 145 ಕೋಟಿ ಲೀಟರಿಗೆ ಇದು ಹತ್ತಿರಹತ್ತಿರ 20 ಲಕ್ಷ ಯೂನಿಟ್. ಪಂಪು, ಪೈಪುಗಳಲ್ಲಿ ನಷ್ಟವಾಗುವುದು ಬೇರೆ. ನಲ್ಲಿ ತಿರುಗಿಸಿದಾಗ ನದಿಯ ಜೊತೆಗೆ ಎಲ್ಲೋ ಉರಿದ ಕಲ್ಲಿದ್ದಲೂ ಬಂದಿರುತ್ತದೆ.

ಈ ನೀರಿಗೆ ಮೀಟರುಂಟು. ಹೊರವಲಯದ ಕಥೆ ಬೇರೆ. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು ಕಟ್ಟಿದ ಐದನೇ ಹಂತ, ದಿನಕ್ಕೆ 77.5 ಕೋಟಿ ಲೀಟರಿನದು, ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಅಷ್ಟು ವರ್ಷ ಐಟಿ ಕಾರಿಡಾರನ್ನು ಸಾಕಿದ್ದು ಬೋರ್‌ವೆಲ್ ಮತ್ತು ಟ್ಯಾಂಕರ್. ದೊಡ್ಡ ಅಪಾರ್ಟ್‌ಮೆಂಟುಗಳ ಗೇಟಿನಲ್ಲಿ ಸೆಕ್ಯುರಿಟಿಯವರ ಬಳಿ ಒಂದು ರಿಜಿಸ್ಟರ್ ಇರುತ್ತದೆ: ಟ್ಯಾಂಕರ್ ಬಂದ ಹೊತ್ತು, ಗಾಡಿ ನಂಬರ್, ಲೀಟರ್, ಸಹಿ. ನೀರು ಯಾವ ಊರಿನ, ಎಷ್ಟು ಅಡಿ ಆಳದ ಬೋರ್‌ವೆಲ್ಲಿನದು ಎಂದು ಅಲ್ಲಿ ಯಾರೂ ಬರೆಯುವುದಿಲ್ಲ. 2024ರ ಮಾರ್ಚಿನ ಬರದಲ್ಲಿ ಜಿಲ್ಲಾಡಳಿತ 12,000 ಲೀಟರ್ ಟ್ಯಾಂಕರಿಗೆ ಐದು ಕಿಲೋಮೀಟರ್ ಒಳಗೆ 1,000 ರೂಪಾಯಿ ಎಂದು ದರ ಕಟ್ಟಿತು. ಬೆಲೆಗೆ ಲೆಕ್ಕ ಸಿಕ್ಕಿತು, ನೆಲದಡಿಯ ನೀರಿಗೆ ಸಿಗಲಿಲ್ಲ.

ಬರುವುದನ್ನು ಅಳೆಯಲಾಗದಿದ್ದಾಗ ವಿಜ್ಞಾನಿಗಳು ಹೋಗುವುದನ್ನು ಅಳೆಯುತ್ತಾರೆ. ಬಳಸಿದ ನೀರಿನಲ್ಲಿ ಸುಮಾರು ಶೇ. 80ರಷ್ಟು ಕೊಳಚೆಯಾಗಿ ವಾಪಸಾಗುತ್ತದೆ ಎಂಬುದು ಎಂಜಿನಿಯರುಗಳ ರೂಢಿ. ಐದನೇ ಹಂತಕ್ಕೂ ಮುಂಚಿನ 145 ಕೋಟಿ ಲೀಟರ್ ಕಾವೇರಿ ನೀರು ಒಂದು ಹನಿ ಸೋರದೆ ಮನೆ ತಲುಪಿದ್ದರೂ ಚರಂಡಿಗೆ ಸೇರಬೇಕಾಗಿದ್ದದ್ದು 116 ಕೋಟಿ ಲೀಟರ್. ಮಳೆಯಿಲ್ಲದ ದಿನ ಅದಕ್ಕಿಂತ ಹೆಚ್ಚು ಹರಿದಿದ್ದರೆ, ಹೆಚ್ಚಿನದು ನೆಲದಡಿಯಿಂದ ಎತ್ತಿದ್ದು. ವೆಲ್ ಲ್ಯಾಬ್ಸ್ ಸಂಸ್ಥೆ 2023ರಲ್ಲಿ ಪ್ರಕಟಿಸಿದ ನೀರಿನ ಸಮತೋಲನ ವರದಿಯ ಪ್ರಕಾರ, ಬೆಂಗಳೂರು ಆಗ ಬಳಸುತ್ತಿದ್ದ ಸಿಹಿನೀರಿನಲ್ಲಿ ಹೆಚ್ಚುಕಡಿಮೆ ಅರ್ಧ ಅಂತರ್ಜಲ. ಈ ಒಂದು ಅಂಶವೇ ನಮ್ಮನ್ನು ಬೆಚ್ಚಿಬೀಳಿಸಬೇಕಿತ್ತು.

ಲೀಟರ್ ಎಣಿಸಿದರಷ್ಟೇ ಸಾಲದು. ವರ್ತೂರು ಕೆರೆಯ ಕೋಡಿಯಲ್ಲಿ ನೀರು ಧುಮುಕಿದಾಗ ಎದ್ದು ರಸ್ತೆಗೆ ಹಾರುತ್ತಿದ್ದ ನೊರೆ, ಮನೆಮನೆಯ ಬಟ್ಟೆ ಸೋಪಿನ ಪುಡಿಯದು. ಪೀಣ್ಯದ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳ ಕ್ರೋಮಿಯಂ ಅಲ್ಲಿನ ಅಂತರ್ಜಲಕ್ಕಿಳಿದಿದೆ. ಆ ಕಡೆಯ ಕೊಳಚೆ ವೃಷಭಾವತಿಯಲ್ಲಿ ಬಿಡದಿ ಬಳಿಯ ಬೈರಮಂಗಲ ಕೆರೆಗೆ, ಅಲ್ಲಿಂದ ಅರ್ಕಾವತಿಗೆ, ಸಂಗಮದಲ್ಲಿ ಮತ್ತೆ ಕಾವೇರಿಗೆ ಸೇರುತ್ತದೆ. ಪೂರ್ವದ ಕೊಳಚೆಯನ್ನು ಶುದ್ಧೀಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಕೆ.ಸಿ. ವ್ಯಾಲಿ ಎಂಬ ಈ ಯೋಜನೆಯ ಗುರಿ ದಿನಕ್ಕೆ 44 ಕೋಟಿ ಲೀಟರ್. ಒಣಗಿದ ಕೆರೆ ತುಂಬಿದ್ದು ದೊಡ್ಡ ಸಂಗತಿಯೇ. ಆದರೆ ಎರಡೇ ಹಂತದ ಶುದ್ಧೀಕರಣ ಸಾಕೇ ಎಂದು ಕೇಳುವ ಕೋಲಾರದ ರೈತರ ಪ್ರಶ್ನೆಯೂ ನಗರದ ಲೆಕ್ಕದೊಳಗೇ ಇರಬೇಕು. ಬೆಂಗಳೂರಿನ ಗಡಿ ಹೊರವರ್ತುಲ ರಸ್ತೆಗೆ ಮುಗಿಯುವುದಿಲ್ಲ.

ನಿಮ್ಮ ಅಪಾರ್ಟ್‌ಮೆಂಟ್ ಸಂಘದ ಮುಂದಿನ ಸಭೆಯಲ್ಲಿ ಮೂರು ಅಂಕಿ ಕೇಳಿ: ಕಳೆದ ತಿಂಗಳು ಬೋರ್‌ವೆಲ್ಲಿನಿಂದ ಎತ್ತಿದ್ದೆಷ್ಟು, ಟ್ಯಾಂಕರಿನಲ್ಲಿ ತರಿಸಿದ್ದೆಷ್ಟು, ಕೊಳಚೆ ಶುದ್ಧೀಕರಣ ಘಟಕದಿಂದ (ಎಸ್‌ಟಿಪಿ) ಹೊರಬಿದ್ದದ್ದೆಷ್ಟು. ಮೂರನ್ನೂ ನೋಟಿಸ್ ಬೋರ್ಡಿಗೆ ಹಾಕಿಸಿ. ಬೋರ್‌ವೆಲ್ಲಿಗೆ ಮೀಟರ್ ಇಲ್ಲವೆಂದರೆ, ಮೊದಲು ಅದನ್ನು ಕೂರಿಸಲು ಹೇಳಿ.