ನಟ್ಟನಡುವಿನ ಮಸುಕು: ಇಳಿವಯಸ್ಸಿನ ಮ್ಯಾಕ್ಯುಲಾ ಸವೆತ

ಫಜ್ರ್ ನಮಾಝ್ ಮುಗಿಸಿ ದಿನಾಲೂ ಕುರ್‌ಆನ್ ಓದುತ್ತಿದ್ದ ಅಜ್ಜಿ ಈಗೀಗ ಎರಡು ಸಾಲು ಓದಿ ಮುಸ್‌ಹಫ್ ಮುಚ್ಚಿಡುತ್ತಾರೆ. ಕೇಳಿದರೆ "ಕನ್ನಡಕ ಸರಿ ಇಲ್ಲ" ಎನ್ನುತ್ತಾರೆ. ಮಸೀದಿಯಿಂದ ಬರುವಾಗ ಅಜ್ಜ ಸಲಾಮಿಗೆ ಉತ್ತರಿಸುತ್ತಾರೆ, ಆದರೆ ಸಲಾಮ್ ಹೇಳಿದವರು ಯಾರೆಂದು ಸ್ವರ ಕೇಳಿಯೇ ತಿಳಿಯಬೇಕು. ನಿಮ್ಮ ಮನೆಯಲ್ಲಿ ಇಂತಹದ್ದೇನಾದರೂ ನಡೆಯುತ್ತಿದ್ದರೆ, ವಯಸ್ಸಾಯಿತಲ್ಲ, ಪೊರೆ ಬಂದಿರಬೇಕು ಎಂದು ಸುಮ್ಮನಿರಬೇಡಿ. ಪೊರೆಯೇ ಆಗಿದ್ದರೆ ಒಳ್ಳೆಯದೇ, ಒಂದು ಶಸ್ತ್ರಚಿಕಿತ್ಸೆಯಿಂದ ಅದು ಸರಿಹೋಗುತ್ತದೆ. ಆದರೆ ಹೀಗೆಯೇ ಶುರುವಾಗುವ ಇನ್ನೊಂದು ಕಾಯಿಲೆಯಿದೆ. ಅದರ ಒಂದು ವಿಧದಲ್ಲಿ ಕೆಲವು ವಾರ ತಡವಾದರೂ ಹೋದ ದೃಷ್ಟಿ ಮರಳುವುದಿಲ್ಲ.

ನಮ್ಮ ಕಣ್ಣಿನ ಹಿಂಭಾಗದ ಒಳಗೋಡೆಗೆ ತೆಳುವಾದ ಒಂದು ಪರದೆ ಅಂಟಿಕೊಂಡಿದೆ. ಅದೇ ಅಕ್ಷಿಪಟಲ, ವೈದ್ಯರ ಮಾತಿನಲ್ಲಿ ರೆಟಿನಾ. ಅದರ ನಟ್ಟನಡುವಿನಲ್ಲಿ ಸುಮಾರು 5 ಮಿಲಿಮೀಟರ್ ಅಗಲದ ಒಂದು ಜಾಗವನ್ನು ಮ್ಯಾಕ್ಯುಲಾ ಎನ್ನುತ್ತಾರೆ. ಅಕ್ಷರ ಓದುವುದು, ಸೂಜಿಗೆ ನೂಲು ಪೋಣಿಸುವುದು, ಅಕ್ಕಿಯಲ್ಲಿ ಕಲ್ಲು ಆರಿಸುವುದು, ಎದುರಿಗಿರುವವರ ಮುಖ ಗುರುತಿಸುವುದು ಎಲ್ಲವೂ ಈ ಸಣ್ಣ ಜಾಗದ ಕೆಲಸ. ಸುತ್ತಲಿನ ಉಳಿದ ಅಕ್ಷಿಪಟಲ ಅಕ್ಕಪಕ್ಕದ ನೋಟವನ್ನು ನೋಡಿಕೊಳ್ಳುತ್ತದೆ. 50 ದಾಟಿದ ಮೇಲೆ ಕೆಲವರಲ್ಲಿ ಈ ಮ್ಯಾಕ್ಯುಲಾ ಸವೆಯತೊಡಗುತ್ತದೆ. ಅಕ್ಷಿಪಟಲದ ಅಡಿಯಲ್ಲಿ ಹಳದಿ ಬಣ್ಣದ ಕಸ ಚುಕ್ಕೆ ಚುಕ್ಕೆಯಾಗಿ ಕೂಡಿಕೊಳ್ಳುತ್ತದೆ. ಇದನ್ನು ಡ್ರೂಸೆನ್ ಎನ್ನುತ್ತಾರೆ. ಅದರ ಮೇಲಿನ ಜೀವಕೋಶಗಳು ಪೋಷಣೆ ಸಿಗದೆ ನಿಧಾನವಾಗಿ ಸಾಯುತ್ತವೆ. ಇದು ಒಣ ವಿಧ. ಹತ್ತರಲ್ಲಿ ಎಂಟೊಂಬತ್ತು ರೋಗಿಗಳದ್ದು ಇದೇ. ವರ್ಷಗಟ್ಟಲೆ ನಿಧಾನವಾಗಿ ಸಾಗುತ್ತದೆ.

ಇನ್ನೊಂದು ಒದ್ದೆ ವಿಧ. ಅಕ್ಷಿಪಟಲದ ಕೆಳಗೆ ಬೇಡದ ಹೊಸ ರಕ್ತನಾಳಗಳು ಬೆಳೆಯುತ್ತವೆ. ಅವು ಗಟ್ಟಿಯಿಲ್ಲದ ನಾಳಗಳಾದ್ದರಿಂದ ನೀರು, ರಕ್ತ ಸೋರಿ ಮ್ಯಾಕ್ಯುಲಾ ಉಬ್ಬುತ್ತದೆ, ಕೊನೆಗೆ ಗಾಯದ ಕಲೆ ಕಟ್ಟುತ್ತದೆ. ಈ ವಿಧ ಬರುವುದು ಕೆಲವರಿಗೆ ಮಾತ್ರ, ಆದರೆ ದೃಷ್ಟಿ ಬೇಗನೆ ಹೋಗುವುದು ಇದರಿಂದಲೇ. ಒಣ ವಿಧ ಇದ್ದವರಲ್ಲಿಯೇ ಒಂದು ದಿನ ಇದು ಕಾಣಿಸಿಕೊಳ್ಳಬಹುದು.

ಒಂದು ಸಮಾಧಾನದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಮ್ಯಾಕ್ಯುಲಾ ಸವೆತ ಒಂದೇ ಇದ್ದರೆ ಪೂರ್ತಿ ಕತ್ತಲೆ ಆವರಿಸುವುದಿಲ್ಲ. ನಡುವಿನ ನೋಟ ಹೋದರೂ ಸುತ್ತಲಿನ ನೋಟ ಉಳಿಯುತ್ತದೆ. ಮನೆಯೊಳಗೆ ಓಡಾಡಲು, ವುಝೂ ಮಾಡಲು, ಊಟ ಮಾಡಲು ಅದು ಸಾಕು. ಇದರಿಂದಲೇ ಒಂದು ತಪ್ಪು ತಿಳಿವಳಿಕೆಯೂ ಹುಟ್ಟುತ್ತದೆ. ನೆಲದ ಮೇಲೆ ಬಿದ್ದ ನಾಣ್ಯ ಓರೆಗಣ್ಣಿಗೆ ಕಾಣುತ್ತದೆ, ಎದುರು ನಿಂತ ಸೊಸೆಯ ಮುಖ ಕಾಣುವುದಿಲ್ಲ. "ಬೇಕಾದ್ದು ಕಾಣುತ್ತದೆ, ಬೇಡದ್ದು ಕಾಣುವುದಿಲ್ಲ" ಎಂದು ಮನೆಯವರು ನಗುತ್ತಾರೆ. ಹಿರಿಯರು ನಾಟಕ ಮಾಡುತ್ತಿಲ್ಲ, ಕಾಯಿಲೆಯ ಸ್ವಭಾವವೇ ಹಾಗೆ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ಸ್ವಿಟ್ಜರ್ಲೆಂಡಿನ ನೇತ್ರತಜ್ಞ ಮಾರ್ಕ್ ಆಮ್ಸ್ಲರ್ ಬಳಕೆಗೆ ತಂದ ಚೌಕಳಿ ಹಾಳೆ ಅದು. 10 ಸೆಂಟಿಮೀಟರ್‌ನ ಚೌಕದೊಳಗೆ ಅರ್ಧ ಸೆಂಟಿಮೀಟರಿಗೊಂದರಂತೆ ಅಡ್ಡ ಮತ್ತು ಉದ್ದ ಗೆರೆಗಳು, ನಡುವೆ ಒಂದು ಚುಕ್ಕೆ. ಕಣ್ಣಿನ ಆಸ್ಪತ್ರೆಯಲ್ಲಿ ಕೇಳಿದರೆ ಕೊಡುತ್ತಾರೆ. ಸಿಗದಿದ್ದರೆ ಮಕ್ಕಳ ಚೌಕಳಿ ಲೆಕ್ಕದ ಪುಸ್ತಕದ ಹಾಳೆಯ ನಡುವೆ ಚುಕ್ಕೆಯಿಟ್ಟರೂ ನಡೆಯುತ್ತದೆ. ಓದುವ ಕನ್ನಡಕ ಹಾಕಿಕೊಂಡು, ಒಳ್ಳೆಯ ಬೆಳಕಿನಲ್ಲಿ, ಒಂದಡಿ ದೂರದಲ್ಲಿ ಹಾಳೆ ಹಿಡಿಯಿರಿ. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ಇನ್ನೊಂದರಿಂದ ಚುಕ್ಕೆಯನ್ನೇ ನೋಡಿ. ಗೆರೆಗಳು ಅಲೆಯಂತೆ ಬಾಗುತ್ತವೆಯೇ? ಎಲ್ಲಾದರೂ ಮಸುಕು ಅಥವಾ ಖಾಲಿ ಜಾಗ ಇದೆಯೇ? ನಂತರ ಇನ್ನೊಂದು ಕಣ್ಣು. ಹೀಗೆ ಒಂದೊಂದೇ ಕಣ್ಣಿನಿಂದ ನೋಡುವುದೇ ಮುಖ್ಯ. ಎರಡೂ ತೆರೆದಿದ್ದರೆ ಚೆನ್ನಾಗಿರುವ ಕಣ್ಣು ಕೆಟ್ಟ ಕಣ್ಣಿನ ಕೊರತೆಯನ್ನು ಮುಚ್ಚಿಬಿಡುತ್ತದೆ. ಎಷ್ಟೋ ಮಂದಿಗೆ ಒಂದು ಕಣ್ಣಿನ ನೋಟ ಹೋದದ್ದು ತಿಂಗಳುಗಳ ನಂತರ, ಆಕಸ್ಮಿಕವಾಗಿ ಇನ್ನೊಂದನ್ನು ಉಜ್ಜಿಕೊಂಡಾಗ ಗೊತ್ತಾಗುತ್ತದೆ. ಓದುಬರಹ ಬಾರದ ಹಿರಿಯರಿಗೆ ಕಿಟಕಿಯ ಸರಳು ಅಥವಾ ಬಾಗಿಲ ಚೌಕಟ್ಟನ್ನು ತೋರಿಸಿ, ನೆಟ್ಟಗಿದೆಯೇ ಎಂದು ಕೇಳಿ.

ನೆಟ್ಟಗಿದ್ದ ಗೆರೆ ಇದ್ದಕ್ಕಿದ್ದಂತೆ ಸೊಟ್ಟಗೆ ಕಂಡರೆ ಮದುವೆ ಮುಗಿಯಲಿ, ಮಗ ಗಲ್ಫಿನಿಂದ ಬರಲಿ ಎಂದು ಕಾಯಬೇಡಿ. ಅದೇ ವಾರ ರೆಟಿನಾ ತಜ್ಞರ ಬಳಿಗೆ ಹೋಗಬೇಕು. ಜಮಾಅತ್‌ಗಳು, ಸಂಘಗಳು ನಡೆಸುವ ಕಣ್ಣಿನ ಶಿಬಿರಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಅಲ್ಲಿ ಹೆಚ್ಚಾಗಿ ನಡೆಯುವುದು ಪೊರೆಯ ಮತ್ತು ಕನ್ನಡಕದ ತಪಾಸಣೆ. ಪಾಪೆ ಹಿಗ್ಗಿಸುವ ತೊಟ್ಟು ಮದ್ದು ಹಾಕಿ ಕಣ್ಣಿನ ಹಿಂಭಾಗ ನೋಡದಿದ್ದರೆ ಮ್ಯಾಕ್ಯುಲಾ ಸವೆತ ಸರಿಯಾಗಿ ತಿಳಿಯುವುದಿಲ್ಲ. ಪೊರೆ ತೆಗೆಸಿದ ಮೇಲೂ ಅಕ್ಷರ ಕಾಣದಿದ್ದಾಗ "ಆಪರೇಷನ್ ಕೆಟ್ಟಿತು" ಎಂದು ದೂರುವ ಕೆಲವು ಮನೆಗಳಲ್ಲಿ ನಿಜವಾದ ಕಾರಣ ಹಿಂದೆ ಅಡಗಿದ್ದ ಈ ಕಾಯಿಲೆಯೇ ಆಗಿರುತ್ತದೆ. ಸಕ್ಕರೆ ಕಾಯಿಲೆಯಿಂದಲೂ ಮ್ಯಾಕ್ಯುಲಾ ಊದಿಕೊಳ್ಳುತ್ತದೆ. ಅದು ಬೇರೆ ರೋಗ, ಮಧ್ಯವಯಸ್ಸಿನವರಿಗೂ ಬರುತ್ತದೆ. ಯಾವುದೆಂದು ಹೇಳಬೇಕಾದವರು ವೈದ್ಯರು. ಒ.ಸಿ.ಟಿ. ಎಂಬ ಸ್ಕ್ಯಾನ್ ಮಾಡಿದರೆ ಅಕ್ಷಿಪಟಲದ ಪದರಗಳು ಒಂದೊಂದಾಗಿ ಚಿತ್ರದಲ್ಲಿ ಮೂಡುತ್ತವೆ. ಅದಕ್ಕೆ ನೋವೂ ಇಲ್ಲ, ಹೆಚ್ಚು ಹೊತ್ತೂ ಬೇಕಿಲ್ಲ.

ಒದ್ದೆ ವಿಧಕ್ಕೆ ಚಿಕಿತ್ಸೆ ಕಣ್ಣಿನೊಳಗೆ ಕೊಡುವ ಇಂಜೆಕ್ಷನ್. ಕೇಳಿದೊಡನೆ ಮೈ ಜುಮ್ಮೆನ್ನುವುದು ಸಹಜ. ಮರಗಟ್ಟಿಸುವ ತೊಟ್ಟು ಮದ್ದು ಹಾಕಿ, ಕಣ್ಣನ್ನು ಶುಚಿಗೊಳಿಸಿ, ಕೂದಲೆಳೆಯಂತಹ ಸೂಜಿಯಿಂದ ಬಿಳಿ ಗುಡ್ಡೆಯ ಬದಿಯಲ್ಲಿ ಚುಚ್ಚುತ್ತಾರೆ. ಕೆಲವೇ ಕ್ಷಣಗಳ ಕೆಲಸ, ಅದೇ ದಿನ ಮನೆಗೆ ಹೋಗಬಹುದು. ಬೇಡದ ನಾಳಗಳನ್ನು ಬೆಳೆಸುವ ರಾಸಾಯನಿಕವನ್ನು ಈ ಮದ್ದು ತಡೆಯುತ್ತದೆ. ರಾನಿಬಿಜುಮಾಬ್, ಅಫ್ಲಿಬರ್ಸೆಪ್ಟ್, ಬೆವಾಸಿಜುಮಾಬ್ ಇವುಗಳ ಹೆಸರುಗಳು. ಮೂರನೆಯದು ಮೂಲತಃ ಕ್ಯಾನ್ಸರಿನ ಮದ್ದು, ಬೆಲೆ ತೀರಾ ಕಡಿಮೆ. ಅಮೆರಿಕದಲ್ಲಿ ಅದನ್ನು ರಾನಿಬಿಜುಮಾಬ್ ಜೊತೆಗಿಟ್ಟು ಪರೀಕ್ಷಿಸಿದಾಗ ದೃಷ್ಟಿ ಉಳಿಸುವುದರಲ್ಲಿ ಎರಡೂ ಸಮವೆಂದು 2011ರಲ್ಲಿ ಪ್ರಕಟವಾಯಿತು. ಆದರೆ ಒಂದು ಬಾಟಲಿಯ ಮದ್ದನ್ನು ಹಲವರಿಗೆ ಹಂಚುವಾಗ ಶುಚಿತ್ವ ತಪ್ಪಿದರೆ ಸೋಂಕಿನ ಅಪಾಯವಿದೆ. ಅದನ್ನು ಎಲ್ಲಿ, ಹೇಗೆ ಹಂಚುತ್ತಾರೆಂದು ಆಸ್ಪತ್ರೆಯಲ್ಲಿ ಕೇಳಲು ಸಂಕೋಚ ಬೇಡ.

ಹೆಚ್ಚಿನವರು ಎಡವುವುದು ಒಂದೆರಡು ಇಂಜೆಕ್ಷನ್ ಆದ ಮೇಲೆ. ಸಾಮಾನ್ಯವಾಗಿ ಮೊದಲು ತಿಂಗಳಿಗೊಂದರಂತೆ ಮೂರು, ನಂತರ ಸ್ಕ್ಯಾನ್ ನೋಡಿ ಅಂತರ ಹೆಚ್ಚಿಸುತ್ತಾ ಹೋಗುತ್ತಾರೆ. ವರ್ಷಗಳವರೆಗೂ ನಡೆಯಬಹುದು. "ಈಗ ಕಾಣುತ್ತಿದೆಯಲ್ಲ" ಎಂದು ನಿಲ್ಲಿಸಿದರೆ ನಾಳಗಳು ಮತ್ತೆ ಸೋರುತ್ತವೆ. ಬಡ ರೋಗಿಗೆ ಝಕಾತ್‌ನಿಂದ ನೆರವಾಗುವ ಕಮಿಟಿಗಳು ಇದನ್ನು ಗಮನಿಸಬೇಕು. ಪೊರೆಯ ಶಸ್ತ್ರಚಿಕಿತ್ಸೆಯಂತೆ ಒಮ್ಮೆ ಹಣ ಕೊಟ್ಟು ಮುಗಿಸುವ ಕೆಲಸ ಇದಲ್ಲ, ಒಬ್ಬರ ಖರ್ಚನ್ನು ವರ್ಷವಿಡೀ ವಹಿಸಿಕೊಳ್ಳಬೇಕಾಗುತ್ತದೆ. ಸರಕಾರಿ ಯೋಜನೆಯಲ್ಲಿ ಏನು ಸಿಗುತ್ತದೆ ಎಂದು ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ವಿಚಾರಿಸಿ. ಬೆಂಗಳೂರಿನ ಸರಕಾರಿ ಮಿಂಟೋ ಕಣ್ಣಿನ ಆಸ್ಪತ್ರೆಯಲ್ಲಿ ರೆಟಿನಾ ವಿಭಾಗವೇ ಇದೆ.

ಇಂಜೆಕ್ಷನ್ ಆದ ಮುಂದಿನ ದಿನಗಳಲ್ಲಿ ನೋವು, ಕೆಂಪು ಹೆಚ್ಚಾಗಿ ನೋಟ ಕುಗ್ಗಿದರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಓಡಿ. ಸೋಂಕು ತೀರಾ ಅಪರೂಪ, ಆದರೆ ಬಂದರೆ ಕಣ್ಣನ್ನೇ ಕಸಿದುಕೊಳ್ಳುತ್ತದೆ. ಕೆಲವು ದಿನ ಕಣ್ಣೊಳಗೆ ನೀರು ಹೋಗಬಾರದೆಂದು ವೈದ್ಯರು ಹೇಳುತ್ತಾರೆ. ಅದಕ್ಕಾಗಿ ನಮಾಝ್ ಬಿಡಬೇಕಾಗಿಲ್ಲ. ವುಝೂನಲ್ಲಿ ಕಣ್ಣಿನ ಒಳಭಾಗ ತೊಳೆಯಬೇಕೆಂಬ ನಿಯಮವೇ ಇಲ್ಲ. ಮುಖ ತೊಳೆಯುವುದಕ್ಕೇ ನಿಷೇಧವಿದ್ದರೆ ಏನು ಮಾಡಬೇಕೆಂದು ಖತೀಬರಲ್ಲಿ ಕೇಳಿ, ಸುಜೂದ್ ಬಗ್ಗೆ ವೈದ್ಯರಲ್ಲಿ ಕೇಳಿ. ರಮಝಾನಿನಲ್ಲಿ ಇನ್ನೊಂದು ಪ್ರಶ್ನೆ ಬರುತ್ತದೆ. ಕಣ್ಣಿಗೆ ಹಾಕುವ ತೊಟ್ಟು ಮದ್ದು ಶಾಫಿಈ ಮತ್ತು ಹನಫಿ ಮದ್‌ಹಬ್‌ಗಳ ಪ್ರಕಾರ ಉಪವಾಸವನ್ನು ಮುರಿಯುವುದಿಲ್ಲ. ಇಂಜೆಕ್ಷನ್ ಬಗ್ಗೆ ಸಂಶಯವಿದ್ದರೆ ನಿಮ್ಮ ಉಲಮಾಗಳಲ್ಲಿ ಮೊದಲೇ ವಿಚಾರಿಸಿಕೊಳ್ಳಿ, ಆದರೆ ಈದ್ ಕಳೆಯಲಿ ಎಂದು ಒಂದು ತಿಂಗಳು ಮುಂದೂಡಬೇಡಿ. ರೋಗಿಗೆ ಉಪವಾಸವನ್ನು ಬೇರೆ ದಿನ ತೀರಿಸುವ ಅವಕಾಶವಿದೆ, ಗಾಯದ ಕಲೆ ಕಟ್ಟಿದ ಮ್ಯಾಕ್ಯುಲಾಗೆ ಅಂತಹ ಅವಕಾಶ ಇಲ್ಲ.

ಒಣ ವಿಧವನ್ನು ಗುಣಪಡಿಸುವ ಮದ್ದು ಇನ್ನೂ ಇಲ್ಲ. ಅದರ ಮುಂದುವರಿದ ಹಂತದ ಸವೆತವನ್ನು ನಿಧಾನಗೊಳಿಸುವ ಎರಡು ಇಂಜೆಕ್ಷನ್‌ಗಳಿಗೆ ಅಮೆರಿಕದಲ್ಲಿ 2023ರಲ್ಲಿ ಒಪ್ಪಿಗೆ ಸಿಕ್ಕಿದೆ. ಹೋದ ನೋಟವನ್ನು ಅವೂ ತರುವುದಿಲ್ಲ. ಮಧ್ಯಮ ಹಂತದಲ್ಲಿರುವವರಿಗೆ ವಿಟಮಿನ್ ಸಿ, ಇ, ಸತು, ತಾಮ್ರ, ಲ್ಯೂಟಿನ್, ಝಿಯಾಝಾಂಥಿನ್ ಸೇರಿದ ಮಾತ್ರೆ ಕೊಡುತ್ತಾರೆ. ಇಂತಹ ವಿಟಮಿನ್ ಮತ್ತು ಸತುವಿನ ಮಿಶ್ರಣ ಐದು ವರ್ಷಗಳಲ್ಲಿ ರೋಗ ಉಲ್ಬಣಿಸುವ ಸಂಭವವನ್ನು ಸುಮಾರು ಕಾಲು ಭಾಗ ತಗ್ಗಿಸುತ್ತದೆಂದು 2001ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನ ತೋರಿಸಿತು. ಕಾಯಿಲೆ ಇಲ್ಲದವರು ಮುನ್ನೆಚ್ಚರಿಕೆಗೆಂದು ನುಂಗಿದರೆ ಪ್ರಯೋಜನವಿಲ್ಲ. ಬೀಡಿ ಸಿಗರೇಟು ಸೇದುವವರು, ಹಿಂದೆ ಸೇದಿದವರು ಮಾತ್ರೆಯಲ್ಲಿ ಬೀಟಾ ಕ್ಯಾರೊಟಿನ್ ಇಲ್ಲವೆಂದು ನೋಡಿಕೊಳ್ಳಬೇಕು, ಅಂತಹವರಲ್ಲಿ ಅದು ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹೆಚ್ಚಿಸುತ್ತದೆ. ಬೀಡಿ ಬಿಡುವುದು ಮಾತ್ರೆಗಿಂತ ದೊಡ್ಡ ಮದ್ದು. ವಯಸ್ಸು ಮತ್ತು ವಂಶ ನಮ್ಮ ಕೈಯಲ್ಲಿಲ್ಲ, ಕೈಯಲ್ಲಿರುವ ಕಾರಣಗಳಲ್ಲಿ ಧೂಮಪಾನವೇ ಮೊದಲನೆಯದು. ಊಟದಲ್ಲಿ ನುಗ್ಗೆ, ಹರಿವೆ, ಬಸಳೆ ಸೊಪ್ಪು, ಮೊಟ್ಟೆ, ಬೂತಾಯಿ, ಬಂಗುಡೆ ಇರಲಿ. ಮೀನೆಣ್ಣೆಯ ಗುಳಿಗೆಗಳಿಂದ ಲಾಭ ಕಂಡುಬಂದಿಲ್ಲ.

ಸುರ್ಮಾ ಹಚ್ಚಿದರೆ ದೃಷ್ಟಿ ಮರಳುತ್ತದೆಯೇ ಎಂದು ಕೇಳುವವರಿದ್ದಾರೆ. ಕಣ್ಣಿನ ಹೊರಗೆ ಹಚ್ಚಿದ್ದು ಹಿಂದಿನ ಮ್ಯಾಕ್ಯುಲಾವನ್ನು ಸರಿಪಡಿಸಲಾರದು. ಅಂಗಡಿಯ ಅನೇಕ ಸುರ್ಮಾಗಳಲ್ಲಿ ಸೀಸ ಇರುತ್ತದೆ, ಇಂಜೆಕ್ಷನ್ ಆದ ಕಣ್ಣಿಗಂತೂ ಹಚ್ಚಲೇಬಾರದು. "ಸ್ಟೆಮ್ ಸೆಲ್" ಹೆಸರಿನಲ್ಲಿ ಹಣ ಕೀಳುವವರಿಂದಲೂ ದೂರವಿರಿ. ಅಮೆರಿಕದ ಫ್ಲಾರಿಡಾದಲ್ಲಿ ಇದೇ ಕಾಯಿಲೆಯ ಮೂವರು ಮಹಿಳೆಯರು ಎರಡೂ ಕಣ್ಣಿಗೆ ಅಂತಹ ಚಿಕಿತ್ಸೆ ಪಡೆದು ಇದ್ದ ದೃಷ್ಟಿಯನ್ನೂ ಕಳೆದುಕೊಂಡದ್ದು 2017ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿತ್ತು.

ಇನ್ನು ನಮ್ಮ ಮನೆಗಳಲ್ಲಿ ಪಿಸುಮಾತಿನಲ್ಲಿ ಮಾತ್ರ ಕೇಳಿಬರುವ ಒಂದು ವಿಷಯ. ನೋಟ ತುಂಬಾ ಕುಗ್ಗಿದ ಕೆಲವು ಹಿರಿಯರಿಗೆ ಇಲ್ಲದ್ದು ಕಾಣಿಸುತ್ತದೆ. ಗೋಡೆಯ ಮೇಲೆ ಹೂಬಳ್ಳಿ, ಅಂಗಳದಲ್ಲಿ ಬಣ್ಣದ ಬಟ್ಟೆ ತೊಟ್ಟ ಪುಟ್ಟ ಮನುಷ್ಯರು, ಮಂಚದ ಪಕ್ಕದಲ್ಲಿ ಮಕ್ಕಳು. ಅವರು ಮಾತಾಡುವುದಿಲ್ಲ, ಸುಮ್ಮನೆ ಬಂದು ಹೋಗುತ್ತಾರೆ. ಉಮ್ಮ ಇದನ್ನು ಹೇಳಿದರೆ ಮನೆಯಲ್ಲಿ ಗಾಬರಿ. ಒಬ್ಬರು ಜಿನ್ನ್ ಎನ್ನುತ್ತಾರೆ, ಇನ್ನೊಬ್ಬರು ಬುದ್ಧಿಭ್ರಮಣೆ ಎನ್ನುತ್ತಾರೆ. ಅದಕ್ಕೇ ಹೆದರಿ ಅನೇಕರು ಬಾಯಿ ಬಿಡುವುದೇ ಇಲ್ಲ. ಸ್ವಿಟ್ಜರ್ಲೆಂಡಿನ ಚಾರ್ಲ್ಸ್ ಬೊನೆ ಎಂಬವರು ದೃಷ್ಟಿ ಕಳೆದುಕೊಂಡ ತನ್ನ ಅಜ್ಜನಿಗೆ ಹೀಗಾಗುತ್ತಿದ್ದುದನ್ನು 1760ರಲ್ಲೇ ಬರೆದಿಟ್ಟರು. ಈ ಸ್ಥಿತಿಗೆ ಅವರದೇ ಹೆಸರಿದೆ. ಕಣ್ಣಿನಿಂದ ಚಿತ್ರ ಬರುವುದು ಕಡಿಮೆಯಾದಾಗ ಮಿದುಳು ಖಾಲಿ ಜಾಗವನ್ನು ತಾನೇ ತುಂಬಿಕೊಳ್ಳುತ್ತದೆ, ಅಷ್ಟೆ. ಜಿನ್ನ್‌ಗಳ ಅಸ್ತಿತ್ವ ನಮ್ಮ ವಿಶ್ವಾಸದ ಭಾಗ, ಅದನ್ನು ಯಾರೂ ಅಲ್ಲಗಳೆಯುತ್ತಿಲ್ಲ. ಆದರೆ ಕಾರಣ ತಿಳಿದಿರುವ ಕಾಯಿಲೆಯನ್ನು ಅವುಗಳ ಮೇಲೆ ಹೊರಿಸಿ, ಎಂಬತ್ತರ ವೃದ್ಧೆಯನ್ನು ನೂಲು ಮಂತ್ರಿಸುವವರ ಮನೆಗಳಿಗೆ ಸುತ್ತಾಡಿಸುವುದು ಅನ್ಯಾಯ. ದೀಪ ಹಾಕಿ, ಕಣ್ಣು ಪಿಳುಕಿಸಲು ಹೇಳಿ, ನೋಟವನ್ನು ಅತ್ತಿತ್ತ ಹೊರಳಿಸಲು ಹೇಳಿ. ಎಷ್ಟೋ ಸಲ ಚಿತ್ರ ಮಾಯವಾಗುತ್ತದೆ. "ಇದು ಕಣ್ಣಿನದ್ದು, ತಲೆಯದ್ದಲ್ಲ" ಎಂಬ ಒಂದು ಮಾತಿನಿಂದಲೇ ಅರ್ಧ ಭಯ ಹೋಗುತ್ತದೆ. ಕಂಡದ್ದನ್ನು ನಿಜವೆಂದೇ ನಂಬುತ್ತಿದ್ದರೆ, ಧ್ವನಿಯೂ ಕೇಳಿಸುತ್ತಿದ್ದರೆ, ನೆನಪು ತಪ್ಪುತ್ತಿದ್ದರೆ ಮಾತ್ರ ಬೇರೆ ಕಾರಣವಿರಬಹುದು, ವೈದ್ಯರಿಗೆ ತೋರಿಸಿ.

ದಿನನಿತ್ಯದ ಬದುಕಿಗೆ ಬೇಕಾದದ್ದು ಬೆಳಕು ಮತ್ತು ಬಣ್ಣದ ವ್ಯತ್ಯಾಸ. ಓದುವಾಗ ದೀಪ ಭುಜದ ಹಿಂದಿನಿಂದ ಪುಟದ ಮೇಲೆ ಬೀಳಲಿ. ಬಿಳಿ ಅನ್ನಕ್ಕೆ ಬಿಳಿ ತಟ್ಟೆ ಬೇಡ. ಮೆಟ್ಟಿಲ ಅಂಚಿಗೆ ಎದ್ದುಕಾಣುವ ಬಣ್ಣ ಬಳಿಯಿರಿ. ಮದ್ದಿನ ಬಾಟಲಿಗಳಿಗೆ ರಬ್ಬರ್ ಬ್ಯಾಂಡ್ ಸುತ್ತಿ, ಬೆಳಗಿನದಕ್ಕೆ ಒಂದು, ರಾತ್ರಿಯದಕ್ಕೆ ಎರಡು. ದೊಡ್ಡಕ್ಷರದ ಮುಸ್‌ಹಫ್ ಸಿಗುತ್ತದೆ, ಭೂತಗನ್ನಡಿಯಿದೆ, ಮೊಬೈಲಿನಲ್ಲಿ ಆಯತ್ ದೊಡ್ಡದು ಮಾಡಬಹುದು, ತಿಲಾವತ್ ಕೇಳಬಹುದು. ನೇರ ನೋಡುವ ಬದಲು ಸ್ವಲ್ಪ ಓರೆಯಾಗಿ ನೋಡಿ ಉಳಿದ ಅಕ್ಷಿಪಟಲವನ್ನು ಬಳಸುವ ಅಭ್ಯಾಸವನ್ನು ಮಂದದೃಷ್ಟಿ ಕ್ಲಿನಿಕ್‌ಗಳಲ್ಲಿ ಕಲಿಸುತ್ತಾರೆ. ಅಭ್ಯಾಸವಾದ ಹಿರಿಯರು ಮಾತಾಡುವಾಗ ನಿಮ್ಮ ಕಿವಿಯ ಕಡೆ ನೋಡಿದಂತೆ ಕಾಣಬಹುದು, ಬೇಸರಿಸಬೇಡಿ. ಅವರ ಎದುರು ಹೋದಾಗ ಸಲಾಮ್ ಜೊತೆಗೆ ನಿಮ್ಮ ಹೆಸರನ್ನೂ ಹೇಳಿ. "ನಾನು ಯಾರು ಹೇಳಿ ನೋಡುವಾ" ಎಂಬ ಆಟ ಬೇಡ.

ಮಸೀದಿಗೆ ಹೋಗುವುದನ್ನು ಬಿಡಿಸುವುದೂ ಬೇಡ. ಕೈಹಿಡಿದು ಕರೆದೊಯ್ಯಲು ಮೊಮ್ಮಗನೊಬ್ಬ ಸಾಕು. ಮದೀನದಲ್ಲಿ ಪ್ರವಾದಿ(ಸ)ರ ಮುಅಝ್ಝಿನ್‌ಗಳಲ್ಲಿ ಒಬ್ಬರಾಗಿದ್ದ ಅಬ್ದುಲ್ಲಾಹ್ ಇಬ್ನು ಉಮ್ಮಿ ಮಕ್ತೂಮ್(ರ) ದೃಷ್ಟಿಯಿಲ್ಲದವರು. ಪ್ರವಾದಿ(ಸ)ರು ಪ್ರಯಾಣ ಹೊರಟಾಗ ಮದೀನದ ಹೊಣೆಯನ್ನು ಅವರಿಗೆ ವಹಿಸಿದ್ದೂ ಉಂಟು.

ಚೆನ್ನಾಗಿರುವ ಕಣ್ಣಿನ ನೋಟವೂ ಕನ್ನಡಕ ಹಾಕಿ 6/18ಕ್ಕಿಂತ ಕೆಳಗಿಳಿದಿದ್ದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಅದು ಮಂದದೃಷ್ಟಿ. ಜಿಲ್ಲಾ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿ ಪ್ರಮಾಣಪತ್ರ ಮತ್ತು ಯು.ಡಿ.ಐ.ಡಿ. ಕಾರ್ಡಿಗೆ ಅರ್ಜಿ ಹಾಕಿ. ತಂದೆ ಅಥವಾ ತಾಯಿಗೆ ಈ ಕಾಯಿಲೆಯಿದ್ದರೆ ಮಕ್ಕಳಿಗೂ ಬರುವ ಸಂಭವ ಹೆಚ್ಚು. ಆದ್ದರಿಂದ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ ದಿನ, ನಿಮಗೆ 50 ದಾಟಿದ್ದರೆ ನಿಮ್ಮ ಕಣ್ಣಿಗೂ ತೊಟ್ಟು ಮದ್ದು ಹಾಕಿಸಿ ಪರೀಕ್ಷಿಸಿಕೊಳ್ಳಿ. ಮದ್ದು ಹಾಕಿದ ಮೇಲೆ ಕೆಲವು ಗಂಟೆ ಮಂಜು ಮಂಜಾಗಿ ಕಾಣುತ್ತದೆ, ಗಾಡಿ ಓಡಿಸಲು ಇನ್ನೊಬ್ಬರು ಜೊತೆಗಿರಲಿ.